ಫ್ಲೀಟ್‌ವುಡ್ ಮ್ಯಾಕ್‌ನ ‘ಟಸ್ಕ್’: ಪದೇ ಪದೇ ಕೇಳುವ ಪ್ರಶ್ನೆಗಳು

‘ಟಸ್ಕ್’ ನನ್ನ ಕೈಗೆ ಮೊದಲು ಬಂದದ್ದು ಕ್ಯಾಸೆಟ್ಟಿನಲ್ಲಿ. ಸಹಪಾಠಿಯೊಬ್ಬ ನಕಲು ಮಾಡಿ ಕೊಟ್ಟಿದ್ದು. ಹಾಡುಗಳ ಹೆಸರನ್ನು ಬಾಲ್ ಪೆನ್ನಿನಲ್ಲಿ ಒತ್ತೊತ್ತಾಗಿ ಬರೆದಿದ್ದ. ಅರ್ಧಕ್ಕೆ ನಿಲ್ಲಿಸಿ ಮರುದಿನವೇ ಹಿಂದಿರುಗಿಸಿದೆ. ಎರಡು ವರ್ಷದ ಮೇಲೆ ನಾನೇ ಹುಡುಕಿಕೊಂಡು ಹೋಗಿ ಮತ್ತೆ ತಂದೆ. ಅಂದಿನಿಂದ ಈ ಆಲ್ಬಂ ಬಗ್ಗೆ ಯಾರ ಹತ್ತಿರ ಮಾತೆತ್ತಿದರೂ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರ ಹೇಳಿ ಹೇಳಿ ಬಾಯಿಪಾಠವಾಗಿದೆ. ಬರೆದಿಟ್ಟರೆ ಗಂಟಲಾದರೂ ಉಳಿಯುತ್ತದೆ. ನಾನು ಪಕ್ಷಪಾತಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಏನಿದು ‘ಟಸ್ಕ್’? ಯಾರದು?

ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ್ದು. 1979ರ ಅಕ್ಟೋಬರ್ 12ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಎರಡು ಎಲ್‌ಪಿ ತಟ್ಟೆ, 20 ಹಾಡು, 70 ನಿಮಿಷಕ್ಕೂ ಮೇಲೆ.

ತಂಡ ಹುಟ್ಟಿದ್ದು 1967ರಲ್ಲಿ, ಲಂಡನ್ನಿನಲ್ಲಿ. ಆಗ ಅದು ಅಪ್ಪಟ ಬ್ಲೂಸ್ ತಂಡ. ಡ್ರಮ್ಮರ್ ಮಿಕ್ ಫ್ಲೀಟ್‌ವುಡ್, ಬಾಸ್ ಗಿಟಾರಿನ ಜಾನ್ ಮ್ಯಾಕ್‌ವೀ ಇವರಿಬ್ಬರ ಹೆಸರನ್ನು ಕೂಡಿಸಿ ತಂಡಕ್ಕೆ ನಾಮಕರಣ ಮಾಡಿದವರು ಗಿಟಾರಿಸ್ಟ್ ಪೀಟರ್ ಗ್ರೀನ್. ಅವರು 1970ರಲ್ಲಿ ಬಿಟ್ಟುಹೋದರು. ಬಂದವರು ಬಂದು ಹೋದವರು ಹೋಗಿ, 1975ರ ಹೊತ್ತಿಗೆ ಐವರು ನೆಲೆಯಾಗಿ ನಿಂತರು: ಫ್ಲೀಟ್‌ವುಡ್, ಜಾನ್, ಕೀಬೋರ್ಡ್ ನುಡಿಸಿ ಹಾಡುತ್ತಿದ್ದ ಕ್ರಿಸ್ಟೀನ್ ಮ್ಯಾಕ್‌ವೀ, ಕ್ಯಾಲಿಫೋರ್ನಿಯಾದಿಂದ ಬಂದು ಸೇರಿದ ಗಿಟಾರಿಸ್ಟ್ ಲಿಂಡ್ಸೀ ಬಕಿಂಗ್‌ಹ್ಯಾಮ್ ಮತ್ತು ಗಾಯಕಿ ಸ್ಟೀವಿ ನಿಕ್ಸ್. ಕೊನೆಯ ಮೂವರೂ ಹಾಡು ಬರೆಯುವವರು, ಮೂವರೂ ಹಾಡುವವರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದನ್ನು ಸಾಹಸದ ಆಲ್ಬಂ ಎನ್ನುವುದೇಕೆ? ಎರಡು ತಟ್ಟೆಯ ಆಲ್ಬಂ ಬೇರೆಯವರೂ ಮಾಡಿದ್ದಾರಲ್ಲ?

ಮಾಡಿದ್ದಾರೆ. ಆದರೆ ಇದರ ಹಿಂದೆ ಏನಿತ್ತು ಎಂದು ನೋಡಬೇಕು. 1977ರಲ್ಲಿ ಬಂದ ಇದೇ ತಂಡದ ‘ರೂಮರ್ಸ್’ ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ 31 ವಾರ ಮೊದಲ ಸ್ಥಾನದಲ್ಲಿತ್ತು. ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಮಾರಾಟ 1 ಕೋಟಿ ದಾಟಿತ್ತು; ಇಂದಿಗೆ ಆ ಲೆಕ್ಕ 4 ಕೋಟಿಯನ್ನೂ ಮೀರಿದೆ. ತಂಡದೊಳಗಿನ ಎರಡು ಸಂಬಂಧಗಳು, ಅಂದರೆ ಜಾನ್–ಕ್ರಿಸ್ಟೀನ್ ದಾಂಪತ್ಯ ಮತ್ತು ಲಿಂಡ್ಸೀ–ಸ್ಟೀವಿ ಪ್ರೀತಿ, ಮುರಿದು ಬೀಳುತ್ತಿದ್ದಾಗ ಅದನ್ನೇ ಹಾಡಾಗಿಸಿ, ಅಷ್ಟೂ ಹಾಡುಗಳನ್ನು ಕನ್ನಡಿಯಂತೆ ಉಜ್ಜಿ ಹೊಳಪಿಟ್ಟ ಆಲ್ಬಂ ಅದು.

ಹೀಗೆ ಗೆದ್ದವರು ಮುಂದೇನು ಮಾಡುತ್ತಾರೆ? ಅದೇ ಅಡುಗೆಯನ್ನು ಇನ್ನೊಂದು ಪಾತ್ರೆಗೆ ಹಾಕಿ ಬಡಿಸುತ್ತಾರೆ. ರೆಕಾರ್ಡ್ ಕಂಪನಿ ಬಯಸಿದ್ದೂ ಅದನ್ನೇ. ತಂಡ ಮಾಡಿದ್ದು ಉಲ್ಟಾ. ಸೋತವನು ದಾರಿ ಬದಲಿಸುವುದರಲ್ಲಿ ವಿಶೇಷವಿಲ್ಲ, ಅವನಿಗೆ ಬೇರೆ ಗತಿಯಿಲ್ಲ. ನಡೆಯುತ್ತಿರುವ ಅಂಗಡಿಯನ್ನು ತಾನೇ ಮುಚ್ಚಿ ಎದುರು ಬೀದಿಯಲ್ಲಿ ಬೇರೆ ಸಾಮಾನು ಮಾರಲು ಕೂರುವುದಿದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು.

‘ರೂಮರ್ಸ್’ ನನಗೆ ಇಷ್ಟ. ‘ಟಸ್ಕ್’ ಹಾಕಿದೆ, ಎರಡನೆಯ ಹಾಡಿಗೇ ಆಫ್ ಮಾಡಿದೆ. ತಪ್ಪು ನನ್ನದೇ?

ತಪ್ಪು ಯಾರದೂ ಅಲ್ಲ. ಆ ಎರಡನೆಯ ಹಾಡು ಅಲ್ಲಿ ಕುಳಿತಿರುವುದೇ ಅದಕ್ಕೆ.

ಮೊದಲ ಹಾಡು ‘ಓವರ್ ಅಂಡ್ ಓವರ್’ ಕ್ರಿಸ್ಟೀನ್ ಅವರದು. ಸಂಜೆ ಹೊತ್ತು ಜಗುಲಿಯಲ್ಲಿ ಕುಳಿತಂತೆ ಸಾವಧಾನದ, ಬೆಚ್ಚನೆಯ ಹಾಡು. ಕೇಳುವವನು, ‘ಸರಿ, ನಮ್ಮವರೇ ಬಂದರು’ ಎಂದು ಕಾಲು ಚಾಚುತ್ತಾನೆ. ಆಗ ಬರುತ್ತದೆ ‘ದಿ ಲೆಡ್ಜ್’. ಎರಡೇ ನಿಮಿಷ. ತಂತಿ ಸಡಿಲಿಸಿದ ಗಿಟಾರು ಗುಡುಗುಡು ಎನ್ನುತ್ತದೆ, ಡ್ರಮ್ಮು ಗೋಣಿಚೀಲಕ್ಕೆ ಬಡಿದಂತೆ, ಹಾಡುವವರು ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಗಾಡುತ್ತಿದ್ದಾರೇನೋ ಎಂಬಂತೆ ದನಿಗಳು. ಕ್ಯಾಸೆಟ್ ಕೆಟ್ಟಿದೆ ಎಂದೇ ನಾನು ತಿಳಿದಿದ್ದೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿಯೂ ಆಯಿತು!

ಮೂರನೆಯ ಹಾಡು ‘ಥಿಂಕ್ ಅಬೌಟ್ ಮಿ’ ಹೊತ್ತಿಗೆ ಮತ್ತೆ ಎಲ್ಲ ಸರಿಹೋಗುತ್ತದೆ, ರೇಡಿಯೋಗೆಂದೇ ಮಾಡಿದ ಹಾಡು. ಹೀಗೆ ನಾಲ್ಕೂ ಬದಿಗಳಲ್ಲಿ ಮೆತ್ತಗಿನದರ ಪಕ್ಕ ಒರಟು, ಒರಟಿನ ಪಕ್ಕ ಮೆತ್ತಗಿನದು. ನನ್ನ ಮಟ್ಟಿಗೆ ‘ಟಸ್ಕ್’ನ ಸೆಳೆತ ಇರುವುದು ಯಾವುದೇ ಒಂದು ಹಾಡಿನಲ್ಲಿ ಅಲ್ಲ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಆ ಸಂದಿಯಲ್ಲಿ. ಎಲೆಯ ತುದಿಯ ಉಪ್ಪಿನಕಾಯಿಯನ್ನು ತೆಗೆದು ಬರೀ ಉಪ್ಪಿನಕಾಯಿ ತಿಂದರೆ ಬಾಯಿ ಸುಡುತ್ತದೆ, ಬರೀ ಮೊಸರನ್ನ ತಿಂದರೆ ಸಪ್ಪೆ. ಇನ್ನೊಂದು ಸಲ ಹಾಕಿ ನೋಡಿ, ಈ ಬಾರಿ ಮೂರನೆಯ ಹಾಡಿನವರೆಗಾದರೂ ತಾಳಿಕೊಳ್ಳಿ.

ಇದೆಲ್ಲ ಬಕಿಂಗ್‌ಹ್ಯಾಮ್ ಒಬ್ಬರ ಹುಚ್ಚು ಎನ್ನುತ್ತಾರೆ. ಹೌದೇ?

ಅರ್ಧ ಹೌದು. ‘ರೂಮರ್ಸ್’ನ ಎರಡನೆಯ ಭಾಗ ಮಾಡುವುದಕ್ಕೆ ತಾನು ತಯಾರಿಲ್ಲ ಎಂದು ಹಟ ಹಿಡಿದವರು ಅವರೇ. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಒರಟು, ನೇರ ರಾಕ್ ಶೈಲಿ ಎದ್ದಿತ್ತು. ಅಲ್ಲಿನ ಕ್ಲ್ಯಾಶ್, ನ್ಯೂಯಾರ್ಕಿನ ಟಾಕಿಂಗ್ ಹೆಡ್ಸ್ ಮುಂತಾದ ಹೊಸ ತಂಡಗಳನ್ನು ಬಕಿಂಗ್‌ಹ್ಯಾಮ್ ಕಿವಿಗೊಟ್ಟು ಕೇಳುತ್ತಿದ್ದರು. ಈ ಹುಡುಗರ ಕಣ್ಣಿಗೆ ಫ್ಲೀಟ್‌ವುಡ್ ಮ್ಯಾಕ್ ಎಂದರೆ ಹಣ ತುಂಬಿ ಮೈ ಬೆಳೆಸಿಕೊಂಡ ಹಳೆಯ ತಂಡ. ಬಕಿಂಗ್‌ಹ್ಯಾಮ್ ಉದ್ದ ಕೂದಲು ಕತ್ತರಿಸಿಕೊಂಡರು, ಮನೆಯಲ್ಲಿ ಒಬ್ಬರೇ ಕುಳಿತು ಟೇಪಿನ ಮೇಲೆ ಟೇಪು ಹಚ್ಚಿ ಹಾಡು ಕಟ್ಟತೊಡಗಿದರು. ಗಿಟಾರು, ಬಾಸ್, ಡ್ರಮ್ಮು ಎಲ್ಲವನ್ನೂ ತಾವೇ ನುಡಿಸಿ, ಆಮೇಲೆ ಅದನ್ನು ಸ್ಟುಡಿಯೋಗೆ ತಂದು ಉಳಿದವರ ಮುಂದೆ ಇಡುತ್ತಿದ್ದರು. ಬ್ಯಾಂಡಿನ ನಾಲ್ವರಿಗೆ ಇದು ಮೊದಮೊದಲು ಗಂಟಲಲ್ಲಿ ಇಳಿದಿರಲಿಕ್ಕಿಲ್ಲ, ಸಹಜ.

ಆದರೆ ಲೆಕ್ಕ ನೋಡಿ. 20 ಹಾಡುಗಳಲ್ಲಿ ಅವರು ಬರೆದದ್ದು 9. ಕ್ರಿಸ್ಟೀನ್ ಅವರದು 6, ಸ್ಟೀವಿ ಅವರದು 5. ಹನ್ನೊಂದು ಹಾಡು ಆ ‘ಹುಚ್ಚಿ’ನ ಹೊರಗಿವೆ. ಇನ್ನೊಂದು ಮಾತು: ಮಿಕ್ ಫ್ಲೀಟ್‌ವುಡ್ ಆಗ ತಂಡದ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಅವರು ಬೇಡ ಎಂದಿದ್ದರೆ ಈ ಆಲ್ಬಂ ಇಲ್ಲ. ತಂಡದ ಆಲ್ಬಮ್ಮುಗಳಲ್ಲಿ ತನಗೆ ಅತ್ಯಂತ ಪ್ರಿಯವಾದುದು ‘ಟಸ್ಕ್’ ಎಂದು ಅವರು ಮುಂದೆ ಹೇಳಿದ್ದಾರೆ. ಹಟ ಮಾಡಿದವನ ಹೆಸರು ಉಳಿಯುತ್ತದೆ, ಹಟಕ್ಕೆ ಜಾಗ ಬಿಟ್ಟುಕೊಟ್ಟವನನ್ನು ಯಾರೂ ಕೇಳುವುದಿಲ್ಲ.

ಬಚ್ಚಲುಮನೆಯಲ್ಲಿ ಹಾಡಿದರು, ಕಾಗದದ ಡಬ್ಬಿ ಬಡಿದರು ಎಂಬುದೆಲ್ಲ ಕಟ್ಟುಕತೆಯೇ?

ಅಲ್ಲ. ಬಕಿಂಗ್‌ಹ್ಯಾಮ್ ತಮ್ಮ ಮನೆಯ ಬಚ್ಚಲುಮನೆಯಲ್ಲಿ ರೆಕಾರ್ಡ್ ಮಾಡುತ್ತಿದ್ದುದು ನಿಜ. ಗೋಡೆಗೆ ಹಂಚು, ನೆಲಕ್ಕೆ ಹಂಚು. ದನಿ ಪುಟಿದು ಪುಟಿದು ಬರುತ್ತದೆ. ಬಚ್ಚಲಿನಲ್ಲಿ ಹಾಡಿ ತಾನೇ ಗಾಯಕನೆಂದು ಭ್ರಮಿಸಿದ ಯಾರಿಗಾದರೂ ಇದು ಗೊತ್ತು. ಟಿಶ್ಯೂ ಕಾಗದದ ಡಬ್ಬಿಯನ್ನು ಡ್ರಮ್ಮಿನ ಬದಲು ಬಾರಿಸಿದ್ದೂ ನಿಜ. ಸ್ಟುಡಿಯೋದಲ್ಲಿ ಮೈಕನ್ನು ನೆಲಕ್ಕೆ ಅಂಟಿಸಿ, ದಂಡ ಹೊಡೆಯುವವರಂತೆ ಅಂಗೈ ಊರಿ ಅದರ ಮೇಲೆ ಬಾಗಿ ಹಾಡಿದ್ದನ್ನು ಸಹನಿರ್ಮಾಪಕ ಕೆನ್ ಕ್ಯಾಲಟ್ ಹೇಳಿದ್ದಾರೆ. ಅವರೇ ಹೇಳುವ ಇನ್ನೊಂದು ಸಂಗತಿ: ಮೊದಲ ದಿನ ಎಂದಿನಂತೆ ಎಲ್ಲ ಗುಂಡಿಗಳನ್ನೂ ಹದವಾಗಿ ತಿರುಗಿಸಿಟ್ಟಿದ್ದರೆ, ಬಕಿಂಗ್‌ಹ್ಯಾಮ್ ಬಂದು, ಒಂದೊಂದನ್ನೂ ಈಗಿರುವುದಕ್ಕೆ ತದ್ವಿರುದ್ಧವಾಗಿ ತಿರುಗಿಸು, ಏನಾಗುತ್ತದೆ ನೋಡೋಣ ಎಂದರಂತೆ.

ಇದರ ಫಲ ಕೇಳಬೇಕೆಂದರೆ ‘ವಾಟ್ ಮೇಕ್ಸ್ ಯು ಥಿಂಕ್ ಯು ಆರ್ ದಿ ವನ್’ ಹಾಕಿ. ಅದರಲ್ಲಿ ಫ್ಲೀಟ್‌ವುಡ್ ಅವರ ಡ್ರಮ್ಮನ್ನು ಸಾಧಾರಣ ಕ್ಯಾಸೆಟ್ ರೆಕಾರ್ಡರ್ ಒಂದರ ಅಗ್ಗದ ಮೈಕಿನ ಮೂಲಕ ಹಿಡಿದಿದ್ದಾರೆ. ಆ ಮೈಕು ಜೋರು ಸದ್ದನ್ನು ತಡೆದುಕೊಳ್ಳಲಾರದೆ ಅಮುಕಿ ಉಗುಳುತ್ತದೆ. ಲಕ್ಷಾಂತರ ಡಾಲರಿನ ಯಂತ್ರಗಳಿರುವ ಕೋಣೆಯಲ್ಲಿ ಹೀಗೆ! ಆದರೆ ಪಿಯಾನೋದ ಹಿಂದಿನಿಂದ ಆ ಡ್ರಮ್ಮು ಎರಗಿ ಬರುವಾಗ, ಒಳ್ಳೆಯ ಮೈಕಿನಲ್ಲಿ ಈ ಸಿಟ್ಟು ಬರುತ್ತಿರಲಿಲ್ಲ ಎಂದು ಕಿವಿಗೇ ತಿಳಿಯುತ್ತದೆ.

ಇದು ಭಾರೀ ಖರ್ಚಿನ ಆಲ್ಬಂ ಎನ್ನುತ್ತಾರಲ್ಲ, ಹಾಗಾದರೆ ಅಷ್ಟೊಂದು ಹಣ ಎಲ್ಲಿ ಹೋಯಿತು?

ಸ್ಟುಡಿಯೋದ ಗೋಡೆಗೆ, ಗಡಿಯಾರಕ್ಕೆ. ಲಾಸ್ ಏಂಜಲೀಸ್‌ನ ಪಶ್ಚಿಮ ಭಾಗದಲ್ಲಿ ವಿಲೇಜ್ ರೆಕಾರ್ಡರ್ ಎಂಬ ಸ್ಟುಡಿಯೋ ಇದೆ. ಅಲ್ಲಿ ‘ಸ್ಟುಡಿಯೋ ಡಿ’ ಎಂಬ ಕೋಣೆಯನ್ನು ಈ ಆಲ್ಬಂಗಾಗಿಯೇ ಸಜ್ಜುಗೊಳಿಸಲಾಯಿತು. 1978ರಲ್ಲಿ ಒಳಹೊಕ್ಕವರು ಹೊರಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿತ್ತು. ಖರ್ಚು 10 ಲಕ್ಷ ಡಾಲರ್ ದಾಟಿತು. ಅಲ್ಲಿಯವರೆಗೆ ಯಾವ ರಾಕ್ ಆಲ್ಬಮ್ಮಿಗೂ ಅಷ್ಟು ಸುರಿದಿರಲಿಲ್ಲ. ಆ ಖರ್ಚಿನಲ್ಲಿ ತಂಡದವರ ಆಗಿನ ವಿಲಾಸದ ಪಾಲೂ ಇತ್ತು, ಅದನ್ನು ಅವರೇ ಮುಚ್ಚಿಟ್ಟಿಲ್ಲ. ಅತ್ಯಂತ ದುಬಾರಿ ಆಲ್ಬಂ ಕೇಳಲು ಮನೆಯಲ್ಲೇ ಮಾಡಿದಂತಿರುವುದು ನನಗೆ ಈಗಲೂ ನಗು ತರಿಸುತ್ತದೆ.

ಕ್ರೀಡಾಂಗಣದಲ್ಲಿ ಬ್ಯಾಂಡ್ ಸೆಟ್ ಕರೆಸಿ ನುಡಿಸಿದ ಹಾಡು ಯಾವುದು? ಆ ಕತೆ ಏನು?

ಶೀರ್ಷಿಕೆ ಹಾಡು, ‘ಟಸ್ಕ್’. ಈ ಪ್ರಶ್ನೆಗೆ ಸ್ವಲ್ಪ ಸಾವಕಾಶವಾಗಿ ಉತ್ತರಿಸುತ್ತೇನೆ, ಏಕೆಂದರೆ ನನಗೆ ಈ ಕತೆ ಹೇಳುವುದೆಂದರೆ ಖುಷಿ.

ಹಾಡಿನ ಮೂಲ ಒಂದು ಚಿಕ್ಕ ಗಿಟಾರ್ ತುಣುಕು. ಕಛೇರಿಗೆ ಮುನ್ನ ಧ್ವನಿವರ್ಧಕಗಳನ್ನು ಪರೀಕ್ಷಿಸುವಾಗ ಸುಮ್ಮನೆ ನುಡಿಸಿಕೊಳ್ಳುತ್ತಿದ್ದದ್ದು. ಅದನ್ನು ಹಾಡು ಮಾಡಲು ಹೋದರೆ ಹಾಡಾಗಲಿಲ್ಲ, ಮೂಲೆಗೆ ಬಿತ್ತು. ನಡುವೆ ಫ್ಲೀಟ್‌ವುಡ್ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಒಂದು ಊರಿಗೆ ಹೋಗಿದ್ದರು. ಬೆಳಗ್ಗೆ ಎದ್ದರೆ ಊರ ಬ್ಯಾಂಡಿನವರು ಬೀದಿಯಲ್ಲಿ ನುಡಿಸುತ್ತ ಹೋಗುತ್ತಿದ್ದಾರೆ, ಅವರ ಹಿಂದೆ ಮಕ್ಕಳು ಮುದುಕರೆನ್ನದೆ ಊರಿಗೆ ಊರೇ ಹೊರಟಿದೆ. ಮೂಲೆಗೆ ಬಿದ್ದ ಹಾಡಿಗೆ ಬೇಕಾದದ್ದು ಇದೇ ಎಂದು ಅವರಿಗೆ ಹೊಳೆಯಿತು.

ಲಾಸ್ ಏಂಜಲೀಸ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕವಾಯತು ವಾದ್ಯತಂಡ ಇದೆ, ಟ್ರೋಜನ್ ಮಾರ್ಚಿಂಗ್ ಬ್ಯಾಂಡ್ ಎಂದು ಹೆಸರು. ಆಗ ಅದರ ನಿರ್ದೇಶಕರು ಆರ್ಥರ್ ಬಾರ್ಟ್‌ನರ್. 1979ರ ಜೂನ್ 4ರಂದು ಆ ತಂಡದ 112 ಮಂದಿ ಡಾಜರ್ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಬಂದರು. ಗ್ಯಾಲರಿ ಖಾಲಿ. ಬಯಲಿನಲ್ಲಿ ಟ್ರಂಪೆಟ್ಟು, ಟ್ರಾಂಬೋನು, ಟ್ಯೂಬಾ, ಡೋಲು. ಬಾಸ್ ನುಡಿಸುವ ಜಾನ್ ಮ್ಯಾಕ್‌ವೀ ಆಗ ಪೆಸಿಫಿಕ್ ಸಾಗರದ ಮಧ್ಯೆ ಟಹೀಟಿಯಲ್ಲಿದ್ದರು. ಅವರ ಆಳೆತ್ತರದ ರಟ್ಟಿನ ಚಿತ್ರವೊಂದನ್ನು ಮಾಡಿಸಿ ತಂದರು. ಫ್ಲೀಟ್‌ವುಡ್ ಅದನ್ನು ಕಂಕುಳಲ್ಲಿ ಇರುಕಿಕೊಂಡು ಕ್ರೀಡಾಂಗಣದ ತುಂಬ ಓಡಾಡುವುದನ್ನು ಆ ಹಾಡಿನ ಚಿತ್ರಿಕೆಯಲ್ಲಿ ನೋಡಬಹುದು.

ಕಿವಿಗೆ ಬರುವುದು ಹೀಗೆ. ಮೊದಲು ಕಾಡುಬಡಿತದಂತಹ ಡ್ರಮ್ಮು. ಒಂದು ತುಣುಕನ್ನು ಟೇಪಿನಲ್ಲಿ ಕತ್ತರಿಸಿ ಗಾಣದೆತ್ತಿನಂತೆ ಸುತ್ತಿಸಿದ್ದಾರೆ. ಹಿಂದೆ ಜನರ ಗುಜುಗುಜು. ಅದರ ಮೇಲೆ ಪಿಸುಗುಟ್ಟುವ ದನಿ, ಅನುಮಾನದ ಪ್ರಶ್ನೆಗಳು. ಯಾರೋ ಬಾಗಿಲ ಸಂದಿಯಿಂದ ಹಣಕುತ್ತಿರುವ ಭಾವ. ಒಂದೆರಡು ನಿಮಿಷ ಹೀಗೆ ಉಸಿರು ಕಟ್ಟಿಸಿ, ಆಮೇಲೆ ಅಷ್ಟೂ ತುತ್ತೂರಿಗಳು ಒಟ್ಟಿಗೆ ನುಗ್ಗುತ್ತವೆ. ನಮಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಡ. ತಾಳಿ ಕಟ್ಟುವ ಕ್ಷಣದ ಗಟ್ಟಿಮೇಳ. ಅಲ್ಲಿಯವರೆಗೆ ತನ್ನ ಪಾಡಿಗೆ ತಾನಿದ್ದ ವಾಲಗ ಒಮ್ಮೆಗೇ ಎದ್ದು ನಿಲ್ಲುವುದಿಲ್ಲವೇ, ಬೇರೆ ಯಾವ ಸದ್ದೂ ಕೇಳಬಾರದು ಎಂಬಂತೆ, ಹಾಗೆ. ಅಲ್ಲಿ ಅದು ಅಪಶಕುನದ ಸೀನು ಕೇಳದಿರಲಿ ಎಂದು. ಇಲ್ಲಿ ಪಿಸುಮಾತನ್ನು ಮುಚ್ಚಿಹಾಕಲು ಇರಬಹುದೇನೋ, ನನಗೆ ಹಾಗೆ ಅನ್ನಿಸುತ್ತದೆ.

ಇಷ್ಟು ವಿಚಿತ್ರವಾದ ಹಾಡನ್ನು ಆಲ್ಬಮ್ಮಿಗೂ ಮೊದಲು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ ಬಿಟ್ಟರು. ಅಮೆರಿಕದಲ್ಲಿ 8ನೆಯ ಸ್ಥಾನ, ಬ್ರಿಟನ್ನಿನಲ್ಲಿ 6ನೆಯದು. ಆ ವಿಶ್ವವಿದ್ಯಾಲಯದ ವಾದ್ಯತಂಡ ಫುಟ್‌ಬಾಲ್ ಪಂದ್ಯಗಳಲ್ಲಿ ಇಂದಿಗೂ ಅದನ್ನು ನುಡಿಸುತ್ತದೆ. ನುಡಿಸುವ ಹುಡುಗರ ಪೈಕಿ ಯಾರೂ ಆಗ ಹುಟ್ಟಿರಲಿಲ್ಲ.

‘ಟಸ್ಕ್’ ಎಂದರೆ ಆನೆಯ ದಂತವಲ್ಲವೇ? ಮುಖಪುಟದಲ್ಲಿ ನಾಯಿ ಏಕಿದೆ?

ದಂತವೇ. ಆದರೆ ತಂಡದ ಗಂಡಸರ ನಡುವೆ ಆ ಪದಕ್ಕೆ ಇನ್ನೊಂದು ಪೋಲಿ ಅರ್ಥವಿತ್ತು, ಸ್ಟೀವಿ ನಿಕ್ಸ್ ಅವರಿಗೆ ಅದು ಹಿಡಿಸಿರಲಿಲ್ಲ. ಮುಖಪುಟದಲ್ಲಿ ಪ್ಯಾಂಟಿನ ಅಂಚನ್ನು ಕಚ್ಚಿ ಎಳೆಯುತ್ತಿರುವ ನಾಯಿಯ ಹೆಸರು ಸ್ಕೂಟರ್, ಕೆನ್ ಕ್ಯಾಲಟ್ ಅವರ ಸಾಕುನಾಯಿ. ‘ರೂಮರ್ಸ್’ ಮುಖಪುಟದಲ್ಲಿ ಫ್ಲೀಟ್‌ವುಡ್, ಸ್ಟೀವಿ ಠೀವಿಯಿಂದ ನಿಂತಿದ್ದರು. ಇಲ್ಲಿ ತಂಡದ ಒಬ್ಬರ ಮುಖವೂ ಇಲ್ಲ.

‘ಸಾರಾ’ ಹಾಡು ಒಂದೊಂದು ಕಡೆ ಒಂದೊಂದು ಉದ್ದ ಇದೆ. ಯಾವುದು ನಿಜವಾದದ್ದು?

ಎಲ್‌ಪಿಯಲ್ಲಿ ಇದ್ದದ್ದು ಆರು ನಿಮಿಷ ಮೀರಿದ ಹಾಡು. ರೇಡಿಯೋಗಾಗಿ ಸಿಂಗಲ್ ಮಾಡುವಾಗ ಅದನ್ನು ನಾಲ್ಕೂವರೆ ನಿಮಿಷದ ಆಸುಪಾಸಿಗೆ ಇಳಿಸಿದರು. ಅದು ಅಮೆರಿಕದ ಪಟ್ಟಿಯಲ್ಲಿ 7ನೆಯ ಸ್ಥಾನ ಹತ್ತಿತು. ಮುಂದೆ 1980ರ ದಶಕದಲ್ಲಿ ಆಲ್ಬಮ್ಮನ್ನು ಒಂದೇ ಸಿಡಿಯಲ್ಲಿ ತುರುಕುವಾಗ ಜಾಗ ಸಾಲದೆ ಈ ಗಿಡ್ಡ ಆವೃತ್ತಿಯನ್ನೇ ಹಾಕಿದರು. ಬಹಳ ವರ್ಷ ಜನ ಅದನ್ನೇ ಪೂರ್ತಿ ಹಾಡು ಎಂದುಕೊಂಡಿದ್ದರು, ನಾನೂ ಸೇರಿ. ಈಗಿನ ಆವೃತ್ತಿಗಳಲ್ಲಿ ಉದ್ದನೆಯದೇ ಇದೆ. ಸ್ಟೀವಿ ಮೊದಲು ಟೇಪಿನಲ್ಲಿ ಹಿಡಿದದ್ದು 16 ನಿಮಿಷ ಹರಿಯುತ್ತಿತ್ತು.

ಉದ್ದನೆಯದನ್ನೇ ಕೇಳಿ. ಈ ಹಾಡಿನಲ್ಲಿ ‘ಆಗುವುದು’ ಏನೂ ಇಲ್ಲ. ಪಿಯಾನೋ ಅದೇ ಅದೇ ಸ್ವರಗಳ ಮೇಲೆ ತೂಗುತ್ತದೆ, ಫ್ಲೀಟ್‌ವುಡ್ ಕೋಲು ಬಿಟ್ಟು ಕುಂಚದಂತಹ ಬ್ರಷ್‌ಗಳಲ್ಲಿ ಡ್ರಮ್ಮನ್ನು ಸವರುತ್ತಾರೆ, ಸ್ಟೀವಿಯ ಒಡಕು ದನಿಯ ಹಿಂದೆ ಉಳಿದವರ ದನಿಗಳು ಮಂಜಿನಂತೆ ಏಳುತ್ತವೆ. ಕತ್ತರಿಸಿದರೆ ಹಾಡೇನೋ ಉಳಿಯುತ್ತದೆ, ಮುಳುಗುವ ಸುಖ ಹೋಗುತ್ತದೆ. ಬಕಿಂಗ್‌ಹ್ಯಾಮ್ ಅವರನ್ನು ಒರಟ ಎಂದು ಬಯ್ಯುವವರು ಇದನ್ನೊಮ್ಮೆ ಗಮನಿಸಬೇಕು. ತಮ್ಮ ಹಾಡುಗಳನ್ನು ಗುದ್ದಿ ಗುದ್ದಿ ಚಪ್ಪಟೆ ಮಾಡಿದ ಅದೇ ಕೈ, ಈಗಾಗಲೇ ದೂರವಾಗಿದ್ದ ಹಳೆಯ ಗೆಳತಿಯ ಹಾಡಿಗೆ ಇಷ್ಟು ನವಿರಾದ ಹಿನ್ನೆಲೆ ಹೆಣೆದಿದೆ. ‘ಸ್ಟಾರ್ಮ್ಸ್’, ‘ಬ್ಯೂಟಿಫುಲ್ ಚೈಲ್ಡ್’ ಹಾಡುಗಳಿಗೂ ಈ ಮಾತು ಸಲ್ಲುತ್ತದೆ.

ಎಲ್ಲರೂ ಲಿಂಡ್ಸೀ ಎನ್ನುತ್ತಾರೆ, ಇಲ್ಲವೇ ಸ್ಟೀವಿ ಎನ್ನುತ್ತಾರೆ. ಕ್ರಿಸ್ಟೀನ್ ಅವರ ಪಾಲೇನು?

ಕೊನೆಗೂ ಯಾರೋ ಕೇಳಿದರು.

ಆಲ್ಬಂ ಶುರುವಾಗುವುದು ಅವರ ದನಿಯಿಂದ, ಮುಗಿಯುವುದೂ ಅವರ ದನಿಯಿಂದ. ಒಬ್ಬರು ಗೋಡೆ ಒಡೆಯುತ್ತಿದ್ದಾರೆ, ಇನ್ನೊಬ್ಬರು ಕನಸಿನಲ್ಲಿ ನಡೆಯುತ್ತಿದ್ದಾರೆ. ಈ ಇಬ್ಬರ ನಡುವೆ ಮನೆಯ ದೀಪ ಹಚ್ಚಿ ಕಾದವರು ಕ್ರಿಸ್ಟೀನ್. ‘ನೆವರ್ ಮೇಕ್ ಮಿ ಕ್ರೈ’ ಹಾಡಿನಲ್ಲಿ ಡ್ರಮ್ಮೇ ಇಲ್ಲ, ದನಿ ಮತ್ತು ಅದರ ಕೆಳಗೆ ತೆಳುವಾಗಿ ಹಾಸಿದ ಗಿಟಾರು. ‘ಹನಿ ಹೈ’ ಹಾಡನ್ನು ಅಡುಗೆಮನೆಯಲ್ಲಿ ಗುನುಗಿದಂತೆ ಹಾಡಿದ್ದಾರೆ. ದೊಡ್ಡ ಮಾತಿಲ್ಲ, ದೊಡ್ಡ ಸ್ವರವಿಲ್ಲ. ಅವರು 2022ರ ನವೆಂಬರ್ 30ರಂದು ತೀರಿಕೊಂಡರು. ಆ ರಾತ್ರಿ ನಾನು ಹಾಕಿಕೊಂಡದ್ದು ‘ರೂಮರ್ಸ್’ ಅಲ್ಲ, ‘ಟಸ್ಕ್’ನಲ್ಲಿರುವ ಅವರ ‘ಬ್ರೌನ್ ಐಸ್’.

‘ಬ್ರೌನ್ ಐಸ್’ನಲ್ಲಿ ಪೀಟರ್ ಗ್ರೀನ್ ನುಡಿಸಿದ್ದಾರಂತೆ?

ಹೌದು. ತಂಡ ಕಟ್ಟಿ, ಹೆಸರಿಟ್ಟು, ಮನಸ್ಸಿನ ಆರೋಗ್ಯ ಕೆಟ್ಟು ಹೊರಟುಹೋದ ಅದೇ ಗ್ರೀನ್. ಹಾಡಿನ ಕೊನೆಯಲ್ಲಿ, ದನಿಗಳು ಕರಗುತ್ತ ಹೋಗುವಾಗ, ಹಿಂದಿನಿಂದ ಬರುವ ಕೆಲವೇ ಗಿಟಾರ್ ಸ್ವರಗಳು ಅವರವು. ಆಲ್ಬಮ್ಮಿನಲ್ಲಿ ಅವರ ಹೆಸರು ಹಾಕಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಲ್ಲದಿದ್ದರೆ ತಪ್ಪಿಹೋಗುತ್ತದೆ.

ಈ ಆಲ್ಬಂ ಸೋತಿತು ಎನ್ನುವುದು ನಿಜವೇ?

ಸುಮಾರು 40 ಲಕ್ಷ ಪ್ರತಿ ಮಾರಾಟವಾದದ್ದನ್ನು ಸೋಲು ಎನ್ನುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ 4ನೆಯದು. ಆದರೆ ಪಕ್ಕದಲ್ಲಿ ‘ರೂಮರ್ಸ್’ ನಿಂತಿತ್ತಲ್ಲ. ಅಣ್ಣ ಜಿಲ್ಲೆಗೇ ಮೊದಲು ಬಂದ ಮನೆಯಲ್ಲಿ ತಮ್ಮ ಫಸ್ಟ್ ಕ್ಲಾಸ್ ತಂದರೂ ಯಾರೂ ಸಿಹಿ ಹಂಚುವುದಿಲ್ಲ.

ಮಾರಾಟ ತಗ್ಗಿದ್ದಕ್ಕೆ ಕಾರಣಗಳೂ ಇದ್ದವು. ಬೆಲೆ 15.98 ಡಾಲರ್, ಸಾಮಾನ್ಯ ಎಲ್‌ಪಿಯ ಸುಮಾರು ಎರಡು ಪಟ್ಟು. ಜೊತೆಗೆ, ಬಿಡುಗಡೆಗೆ ಮೊದಲೇ ಅಮೆರಿಕದ ಆರ್‌ಕೆಓ ರೇಡಿಯೋ ಜಾಲ ಪೂರ್ತಿ ಆಲ್ಬಮ್ಮನ್ನು ಪ್ರಸಾರ ಮಾಡಿತು, ಜನ ಮನೆಯಲ್ಲೇ ಟೇಪಿಗೆ ಇಳಿಸಿಕೊಂಡರು ಎಂಬುದು ಫ್ಲೀಟ್‌ವುಡ್ ಅವರ ದೂರು. ಇರಬಹುದು. ಆದರೆ ‘ದಿ ಲೆಡ್ಜ್’ ಕೇಳಿ ಗಾಬರಿಯಾಗಿ ಅಂಗಡಿಯಿಂದ ಬರಿಗೈಯಲ್ಲಿ ಮರಳಿದವರೂ ಇದ್ದೇ ಇರುತ್ತಾರೆ. ಕಂಪನಿಯವರು ಮೊದಲ ಸಲ ಇದನ್ನು ಕೇಳಿದಾಗ ತಮ್ಮ ಕ್ರಿಸ್‌ಮಸ್ ಬೋನಸ್ಸು ಕಿಟಕಿಯಿಂದ ಹಾರಿಹೋಗುವುದನ್ನು ಕಂಡರು ಎಂದು ಬಕಿಂಗ್‌ಹ್ಯಾಮ್ ತಮಾಷೆ ಮಾಡುತ್ತಿರುತ್ತಾರೆ.

ಒಳ್ಳೆಯ ಹತ್ತು ಹಾಡು ಆರಿಸಿ ಒಂದೇ ತಟ್ಟೆ ಮಾಡಿದ್ದರೆ ಅದ್ಭುತವಾಗಿರುತ್ತಿರಲಿಲ್ಲವೇ?

ಈ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ, ಆದರೂ ಉತ್ತರಿಸುತ್ತೇನೆ. ನಾನೂ ಒಮ್ಮೆ ಆ ಕೆಲಸ ಮಾಡಿದ್ದೇನೆ. ‘ಸಾರಾ’, ‘ಥಿಂಕ್ ಅಬೌಟ್ ಮಿ’, ‘ಸ್ಟಾರ್ಮ್ಸ್’, ‘ಏಂಜೆಲ್’, ‘ಸೇವ್ ಮಿ ಎ ಪ್ಲೇಸ್’, ‘ಟಸ್ಕ್’ ಎಂದು ಪಟ್ಟಿ ಮಾಡಿ, ಚೆಂದವಾದ ಒಂದು ಕ್ಯಾಸೆಟ್ ತಯಾರಿಸಿದೆ. ಒಂದು ವಾರ ಕೇಳಿದೆ. ಅದು ಫ್ಲೀಟ್‌ವುಡ್ ಮ್ಯಾಕ್‌ನ ಇನ್ನೊಂದು ಒಳ್ಳೆಯ ಆಲ್ಬಂ ಆಗಿತ್ತು, ಅಷ್ಟೇ. ‘ಟಸ್ಕ್’ ಆಗಿರಲಿಲ್ಲ.

ಎರಡನೆಯ ಬದಿಯನ್ನೇ ನೋಡಿ. ಬಕಿಂಗ್‌ಹ್ಯಾಮ್ ಗುಡುಗಿ ಮುಗಿಸುತ್ತಾರೆ, ಸ್ಟೀವಿ ‘ಸ್ಟಾರ್ಮ್ಸ್’ ಹಾಡುತ್ತಾರೆ, ಗುಡುಗಿಗೆ ಕಣ್ಣೀರಿನ ಉತ್ತರ. ಕೂಡಲೇ ‘ದಟ್ಸ್ ಆಲ್ ಫಾರ್ ಎವ್ರಿವನ್’. ಬಕಿಂಗ್‌ಹ್ಯಾಮ್ ಮನೆಗೆ ಹೋಗಬೇಕೆನ್ನುವ ಮಗುವಿನಂತೆ, ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ಅವರ ನೆರಳಿನಲ್ಲಿ ನಿಂತು, ಪದರ ಪದರವಾಗಿ ದನಿ ಜೋಡಿಸುತ್ತಾರೆ. ಮನಸ್ಸು ಕರಗಿತು ಎನ್ನುವಷ್ಟರಲ್ಲಿ ‘ನಾಟ್ ದಟ್ ಫನಿ’ ಕಪಾಳಕ್ಕೆ ಬಾರಿಸುತ್ತದೆ. ಅದರ ಹಿಂದೆಯೇ ‘ಸಿಸ್ಟರ್ಸ್ ಆಫ್ ದಿ ಮೂನ್’ನ ಕತ್ತಲು. ಮಾತು ಬಿಟ್ಟ ಇಬ್ಬರು ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿದ್ದು, ಗೋಡೆಯ ಮೂಲಕ ಜಗಳವಾಡುತ್ತಿದ್ದಾರೆ. ನಡುವಿನ ಗೋಡೆಯನ್ನೇ ತೆಗೆದು ‘ಒಳ್ಳೆಯ’ ಕೋಣೆಗಳನ್ನು ಮಾತ್ರ ಉಳಿಸಿಕೊಂಡರೆ ಮನೆ ನಿಲ್ಲುವುದೆಲ್ಲಿ?

ಹಾಗೆಂದು ಎಲ್ಲ ಹಾಡೂ ಚಿನ್ನವಲ್ಲ. ‘ದಟ್ಸ್ ಇನಫ್ ಫಾರ್ ಮಿ’ ನನಗೆ ಇಂದಿಗೂ ದಕ್ಕಿಲ್ಲ. ಪುಣ್ಯಕ್ಕೆ ಎರಡು ನಿಮಿಷದೊಳಗೆ ಮುಗಿಯುತ್ತದೆ.

ಇಂಗ್ಲಿಷ್ ಪದಗಳು ನನಗೆ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ಅಡ್ಡಿಯಾಗುತ್ತದೆಯೇ?

ಇಂಗ್ಲಿಷ್ ಮನೆಮಾತಾದವರಿಗೂ ‘ದಿ ಲೆಡ್ಜ್’ನಲ್ಲಿ ಪದ ಸಿಗುವುದಿಲ್ಲ, ಚಿಂತೆ ಬೇಡ. ದನಿಗಳನ್ನು ಬೇಕೆಂದೇ ಹೂತಿಟ್ಟಿದ್ದಾರೆ. ಸ್ಟೀವಿಯ ಹಾಡುಗಳಿಗೆ ಮಾತ್ರ ಸಾಹಿತ್ಯ ಎದುರಿಗಿಟ್ಟುಕೊಂಡು ಒಮ್ಮೆ ಓದಿ.

ಆಮೇಲೆ ತಂಡ ಇದೇ ದಾರಿಯಲ್ಲಿ ಮುಂದುವರಿಯಿತೇ?

ಇಲ್ಲ. ಊರೂರು ತಿರುಗಿ ಕಛೇರಿ ನಡೆಸಿದರು. 1980ರಲ್ಲಿ ಬಂದ ‘ಲೈವ್’ ಆಲ್ಬಮ್ಮಿನಲ್ಲಿ ‘ನಾಟ್ ದಟ್ ಫನಿ’ ಹಿಗ್ಗಿ ಹಿಗ್ಗಿ ಸುಮಾರು 9 ನಿಮಿಷವಾಗಿದೆ, ರೊಚ್ಚಿಗೆದ್ದ ಬಕಿಂಗ್‌ಹ್ಯಾಮ್ ಅವರನ್ನು ಅಲ್ಲಿ ಕೇಳಬೇಕು. ಮಾರಾಟದ ಲೆಕ್ಕ ಬಂದ ಮೇಲೆ ಈ ಬಗೆಯ ಕೆಲಸ ಇನ್ನು ಸಾಕು ಎಂದು ತಂಡ ಅವರಿಗೆ ಹೇಳಿತು. ಅವರು 1981ರಲ್ಲಿ ಒಂಟಿಯಾಗಿ ‘ಲಾ ಅಂಡ್ ಆರ್ಡರ್’ ತಂದರು. 1982ರಲ್ಲಿ ಬಂದ ತಂಡದ ‘ಮಿರಾಜ್’ ಮತ್ತೆ ಹಳೆಯ ಹೊಳಪಿಗೆ ಮರಳಿತು. ಚೆನ್ನಾಗಿಯೇ ಇದೆ, ಎರಡನೆಯ ಹಾಡಿಗೆ ಯಾರೂ ಟೇಪ್ ರೆಕಾರ್ಡರ್ ಒರೆಸಬೇಕಾಗಿಲ್ಲ.

ಆದರೆ ‘ಟಸ್ಕ್’ ತನ್ನ ಪಾಡಿಗೆ ಬೇರು ಬಿಡುತ್ತ ಹೋಯಿತು. ಫ್ಲೀಟ್‌ವುಡ್ ಘಾನಾ ದೇಶಕ್ಕೆ ಹೋಗಿ ಅಲ್ಲಿನ ಕಲಾವಿದರೊಂದಿಗೆ ಮಾಡಿದ ‘ದಿ ವಿಸಿಟರ್’ ಆಲ್ಬಮ್ಮಿನಲ್ಲಿ ‘ವಾಕ್ ಎ ಥಿನ್ ಲೈನ್’ ಹಾಡನ್ನು ಮತ್ತೆ ಕಟ್ಟಿದರು, ಅದಕ್ಕೆ ಗಿಟಾರ್ ಸೇರಿಸಿದವರು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್. ಕ್ಯಾಂಪರ್ ವ್ಯಾನ್ ಬೀಥೋವನ್ ಎಂಬ ಅಮೆರಿಕದ ತಂಡ ಮೊದಲಿನಿಂದ ಕೊನೆಯವರೆಗೆ ಇಡೀ ಆಲ್ಬಮ್ಮನ್ನೇ ತನ್ನ ರೀತಿಯಲ್ಲಿ ನುಡಿಸಿ 2002ರಲ್ಲಿ ಹೊರತಂದಿತು. 1997ರಲ್ಲಿ ಐವರೂ ಮತ್ತೆ ಒಂದಾದ ‘ದಿ ಡ್ಯಾನ್ಸ್’ ಕಛೇರಿಗೆ ಟ್ರೋಜನ್ ಬ್ಯಾಂಡ್ ಮತ್ತೆ ಬಂತು. ಈ ಸಲ ಜಾನ್ ಮ್ಯಾಕ್‌ವೀ ರಟ್ಟಿನಲ್ಲಿ ಅಲ್ಲ, ಖುದ್ದಾಗಿ ಇದ್ದರು.

ಯಾವ ಆವೃತ್ತಿ ಕೇಳಬೇಕು?

ಉದ್ದನೆಯ ‘ಸಾರಾ’ ಇರುವ ಯಾವುದಾದರೂ ಸರಿ. ಮೊಬೈಲಿನಲ್ಲಿ ಕೇಳುವವರು ಹಾಡುಗಳನ್ನು ಕಲಸಿ ನುಡಿಸುವ ಗುಂಡಿಯನ್ನು ದಯವಿಟ್ಟು ಆಫ್ ಮಾಡಿ. 2015ರಲ್ಲಿ ಬಂದ ದೊಡ್ಡ ಪೆಟ್ಟಿಗೆಯಲ್ಲಿ ಅಷ್ಟೂ ಹಾಡುಗಳ ಬೇರೆ ಬೇರೆ ಕರಡುಗಳನ್ನು ಅದೇ ಅನುಕ್ರಮದಲ್ಲಿ ಜೋಡಿಸಿದ ಒಂದು ತಟ್ಟೆ ಇದೆ; ಅದು ಆಲ್ಬಂ ಒಗ್ಗಿದವರಿಗೆ, ಹೊಸಬರಿಗಲ್ಲ. ಎಲ್‌ಪಿ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ಬದಿಗೆ ಐದು ಹಾಡು, ತಿರುಗಿಸಲು ಏಳಲೇಬೇಕು. ಆ ಏಳುವಿಕೆ ಈ ಆಲ್ಬಮ್ಮಿಗೆ ಬೇಕಾದ ಬಿಡುವು. ಒಂದೇ ಕೂತಲ್ಲಿ ನಾಲ್ಕೂ ಬದಿ ಮುಗಿಸುವ ಹಟ ಬೇಡ, ಒಂದು ಸಂಜೆಗೆ ಒಂದು ತಟ್ಟೆ ಸಾಕು.

‘ಟಸ್ಕ್’ ಹಾಡಿನ ಆ ಗದ್ದಲದೊಂದಿಗೆ ಮುಗಿಸಬಹುದಿತ್ತಲ್ಲ? ಅದರ ನಂತರ ಇನ್ನೊಂದು ಹಾಡು ಏಕೆ?

‘ನೆವರ್ ಫರ್ಗೆಟ್’. ಮೂರೂವರೆ ನಿಮಿಷದ ಹಗುರವಾದ, ಖುಷಿಯ ಹಾಡು, ಮತ್ತೆ ಕ್ರಿಸ್ಟೀನ್. ಬಹಳ ಜನ ಅಲ್ಲಿಗೆ ಬರುವ ಮೊದಲೇ ಎದ್ದುಹೋಗಿರುತ್ತಾರೆ. ಗಟ್ಟಿಮೇಳ ಮುಗಿದಿದೆ, ವಾಲಗದವರು ಊಟಕ್ಕೆ ಹೋಗಿದ್ದಾರೆ, ಛತ್ರದಲ್ಲಿ ಯಾರೋ ಕುರ್ಚಿ ಮಡಿಸುತ್ತಿದ್ದಾರೆ, ಅಡುಗೆಮನೆಯ ಕಡೆಯಿಂದ ಒಂದು ಹೆಣ್ಣುದನಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದೆ. ಕುಳಿತುಕೊಳ್ಳಿ, ಕಾಫಿ ಬರುತ್ತದೆ.